ಕಾಲಿನಲ್ಲಿ ನೀಲಿ ನರ ಉಬ್ಬಿದೆ, ಯಾವ ಮಾತ್ರೆ ಒಳ್ಳೆಯದು?

ಸಂಜೆಯಾದರೆ ಕಾಲು ಭಾರ, ಮೀನಖಂಡದಲ್ಲಿ ನೀಲಿ ನರ ಉಬ್ಬಿದೆ, ಹೃದಯ ವೀಕ್ ಆಗಿದೆಯಾ ಅಂತ ಕೇಳಿದ್ದೀರಿ. ನನ್ನ ಕಾಲಿನ ಕಥೆಯೂ ಇದೇ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದು ನನ್ನ ಕೆಲಸ. ಇಡೀ ದಿನ ಒದ್ದೆ ನೆಲದ ಮೇಲೆ, ಬಿಸಿನೀರಿನ ಮುಂದೆ ಒಂದೇ ಕಡೆ ನಿಂತಿರಬೇಕು. ಎಡಗಾಲು ಉಬ್ಬಿದಾಗ ಎಲ್ಲರೂ 'ನರ ದೌರ್ಬಲ್ಯ' ಅಂದರು. ಮೆಡಿಕಲ್ ಶಾಪಿನಲ್ಲಿ "ನರಕ್ಕೆ ಮಾತ್ರೆ ಕೊಡಿ" ಅಂದೆ. ಕೊಟ್ಟರು. ಮೂರು ವರ್ಷ ನುಂಗಿದೆ.

ನನ್ನನ್ನು ಕೆಡಿಸಿದ್ದು ಆ ಒಂದು ಪದ. ನಮ್ಮ ಕಡೆ ಎಲ್ಲವೂ ನರವೇ ಅಲ್ವಾ? ಗ್ಲೂಕೋಸ್ ಹಾಕುವುದೂ ನರಕ್ಕೆ, ಕಾಲು ಜೋಮು ಹಿಡಿಯುವುದೂ ನರದಿಂದ. ಆದರೆ ನಿಜವಾದ ನರದೊಳಗೆ ರಕ್ತ ಹರಿಯುವುದಿಲ್ಲ. ಅದು ಮೆದುಳಿನ ಸುದ್ದಿ ಒಯ್ಯುವ ತಂತಿ. ಕಾಲಿನಲ್ಲಿ ಉಬ್ಬಿದ್ದು ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಕೆಟ್ಟಿದ್ದು ಪೈಪು, ನಾನು ಔಷಧಿ ತಿಂದದ್ದು ತಂತಿಗೆ. ಆ ಮಾತ್ರೆ ಬರೀ ಬಿ12 ವಿಟಮಿನ್. ಪ್ಯಾಂಟ್ ಮಡಚಿ ಒಮ್ಮೆ ಯಾವ ಡಾಕ್ಟರಿಗಾದರೂ ಕಾಲು ತೋರಿಸಿದ್ದರೆ ಸಾಕಿತ್ತು. ನಾನು ಪದ ಹೇಳಿದೆ, ಕಾಲು ತೋರಿಸಲಿಲ್ಲ. ಅಷ್ಟರಲ್ಲಿ ಗಿಣ್ಣಿನ ಒಳಬದಿ ಚರ್ಮ ಕಪ್ಪಾಗಿ, ತುರಿಸಿ, ಹುಣ್ಣಾಯಿತು. ಐದು ತಿಂಗಳು ಒಣಗಲಿಲ್ಲ.

ಕೊನೆಗೆ ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ವೇರಿಕೋಸ್ ವೇನ್, ಅಂದರೆ ರಕ್ತ ಸರಿಯಾಗಿ ಮೇಲೇರದೆ ನಿಂತು ಉಬ್ಬಿದ ನಾಳ. ಹೃದಯ ಚೆನ್ನಾಗಿಯೇ ಇತ್ತು. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಆದರೆ ಕೂದಲಿಗಿಂತ ಸಣ್ಣ ನಾಳಗಳನ್ನು ದಾಟುವಷ್ಟರಲ್ಲಿ ಆ ಒತ್ತಡ ಬಹಳ ಇಳಿದಿರುತ್ತದೆ. ಪಾದದ ರಕ್ತ ಮೇಲೇರಬೇಕಾದರೆ ಮೀನಖಂಡ ಕೆಲಸ ಮಾಡಬೇಕು. ನಡೆದಾಗ ಅದು ನಾಳವನ್ನು ಹಿಂಡುತ್ತದೆ, ಒಳಗಿನ ವಾಲ್ವ್‌ಗಳು ರಕ್ತ ಕೆಳಗೆ ಜಾರದಂತೆ ಹಿಡಿಯುತ್ತವೆ. ಬಾವಿ ಮೋಟಾರಿನ ಫುಟ್‌ವಾಲ್ವ್ ಗೊತ್ತಲ್ಲ, ಅದೇ ಕೆಲಸ. ಫುಟ್‌ವಾಲ್ವ್ ಸೋರಿದರೆ ಮೋಟಾರ್ ಬಿಚ್ಚಿ ಏನು ಪ್ರಯೋಜನ? ವಾಲ್ವ್ ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲೇ ತೋರಿಸಿದ್ದ. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಕೆಳಕ್ಕೆ ಒತ್ತಿದರೆ ರಕ್ತ ವಾಲ್ವ್ ದಾಟುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಯಾವ ಮಾತ್ರೆ ಅನ್ನುವ ಪ್ರಶ್ನೆಯೇ ತಪ್ಪು. ರಕ್ತನಾಳದ ಸರ್ಜನ್ ಹತ್ತಿರ ಹೋಗಿ ಡಾಪ್ಲರ್ ಮಾಡಿಸಿ. ಸುಮ್ನೆ ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯಬೇಡಿ. ನನಗೆ ಲೇಸರ್ ಮಾಡಿದರು. ಡಾಕ್ಟರ್ ಬರೆದುಕೊಟ್ಟ ಬಿಗಿ ಸ್ಟಾಕಿಂಗ್ಸನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕುತ್ತೇನೆ. ಕೆಲಸದಲ್ಲಿ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರುತ್ತೇನೆ.

ಇನ್ನೊಂದು ಮಾತು. ಒಂದೇ ಕಾಲು ದಿಢೀರ್ ಊದಿಕೊಂಡು ನೋವು ಬಂದರೆ ಯಾರ ಉತ್ತರಕ್ಕೂ ಕಾಯಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.