ಮಗಳು ‘ನಾವು ಯಾರು?’ ಎಂದು ಕೇಳಿದಾಗ

ನಿಮ್ಮ ಪ್ರಶ್ನೆ ಓದಿ ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ನೀವು ಕನ್ನಡದವರು, ನಿಮ್ಮ ಯಜಮಾನರು ಒಡಿಶಾದವರು, ಮನೆ ಮಾಡಿರುವುದು ಪುಣೆಯಲ್ಲಿ. ಹನ್ನೆರಡು ವರ್ಷದ ಮಗಳು ‘ಹಾಗಾದರೆ ನಾವು ಯಾರು?’ ಎನ್ನುತ್ತಾಳೆ. ಇತ್ತ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ದೇಶದ ಹೆಸರು ಹಿಡಿದೇ ಜಗಳ. ಭಾರತೀಯರೆಲ್ಲರಿಗೂ ಸೇರಿದ ಮೌಲ್ಯ ಎನ್ನುವುದು ನಿಜವಾಗಿ ಇದೆಯೇ, ಇದ್ದರೆ ಮಗಳಿಗೆ ಹೇಗೆ ತೋರಿಸಲಿ, ಆ ಗುಂಪಿನಿಂದ ಹೊರಬಂದುಬಿಡಲೇ ಎಂದು ಕೇಳಿದ್ದೀರಿ.

ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯವನು. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಅಂಥ ಮೌಲ್ಯ ಇದೆ ಎಂದೇ ನಾನು ನಂಬಿದ್ದೇನೆ. ಆದರೆ ಆ ನಂಬಿಕೆ ನನಗೆ ಬಂದದ್ದು ನಾನು ಕಲಿಸಿದ ಪಾಠಗಳಿಂದಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿ ಬಂತು, ಅದರಲ್ಲಿ ನಾಚಿಕೆಪಡುವಂಥದ್ದೂ ಇದೆ. ಅದನ್ನೇ ಹೇಳುತ್ತೇನೆ.

ಮೊದಲು ಮಗಳ ಪ್ರಶ್ನೆ. ನನ್ನ ಅಪ್ಪನ ಊರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅವ್ವನ ತವರು ಗದಗ ಕಡೆಗೆ, ಅದು ಮುಂಬಯಿ ಪ್ರಾಂತ. ಈಗ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆಗ ನಡುವೆ ಸುಂಕದ ನಾಕೆ. ಅಪ್ಪನ ಕಡೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಅವ್ವನ ಕಡೆ ಬ್ರಿಟಿಷರ ಕಲ್ದಾರ ರೂಪಾಯಿ. ಅಪ್ಪ ಶಾಲೆಯಲ್ಲಿ ಮೊದಲು ತಿದ್ದಿದ್ದು ಉರ್ದು ಅಕ್ಷರ, ಅವ್ವ ತಿದ್ದಿದ್ದು ಕನ್ನಡ. 1947ರ ಆಗಸ್ಟ್ 15ರಂದು ಅವ್ವನ ಊರಿನಲ್ಲಿ ಧ್ವಜ ಹಾರಿತು. ಅಪ್ಪನ ಊರಿಗೆ ಆ ದಿನ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಎಂದರೆ ನನ್ನ ಅವ್ವ ನನ್ನ ಅಪ್ಪನಿಗಿಂತ ಹದಿಮೂರು ತಿಂಗಳು ಮೊದಲೇ ಸ್ವತಂತ್ರ ಭಾರತದವಳಾಗಿದ್ದಳು. 1956ರ ನವೆಂಬರ್ 1ರಂದು ಇಬ್ಬರ ಊರೂ ಒಂದೇ ರಾಜ್ಯಕ್ಕೆ ಬಂದವು. ಅಪ್ಪನ ತಾಯಿ, ನಮ್ಮ ಅಜ್ಜಿ, ನಿಜಾಮರ ಪ್ರಜೆಯಾಗಿ ಹುಟ್ಟಿ, ಆಮೇಲೆ ಹೈದರಾಬಾದ್ ರಾಜ್ಯದವಳಾಗಿ, ಮೈಸೂರು ರಾಜ್ಯದವಳಾಗಿ, 1973ರಲ್ಲಿ ಹೆಸರು ಬದಲಾದಾಗ ಕರ್ನಾಟಕದವಳಾದಳು. ಇಷ್ಟೆಲ್ಲ ಆದದ್ದು ಅವಳು ತನ್ನ ಒಲೆಯ ಮುಂದಿನಿಂದ ಏಳದೆಯೇ.

ಇದನ್ನು ಮಗಳಿಗೆ ಹೇಳಿ. ಅವಳಿಗೆ ಮೂರು ರಾಜ್ಯಗಳ ಹುಟ್ಟುದಿನಗಳು ಸೇರಿವೆ: ಏಪ್ರಿಲ್ 1 ಒಡಿಶಾದ್ದು, 1936ರಲ್ಲಿ ಭಾಷೆಯ ಆಧಾರದ ಮೇಲೆ ಪ್ರತ್ಯೇಕ ಪ್ರಾಂತವಾದ ದಿನ. ಮೇ 1 ಮಹಾರಾಷ್ಟ್ರದ್ದು, 1960ರದು. ನವೆಂಬರ್ 1 ನಮ್ಮದು. ಭಾಷೆಗೊಂದು ರಾಜ್ಯ ಮಾಡಿದರೆ ದೇಶ ಚೂರಾಗುತ್ತದೆ ಎಂದು ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೊಡ್ಡ ದೊಡ್ಡ ನಾಯಕರೇ ಹೆದರಿದ್ದರು. ಹಾಗಾಗಲಿಲ್ಲ. ತನ್ನ ನುಡಿಗೆ ಒಂದು ಮನೆ ಸಿಕ್ಕವನು ದೊಡ್ಡ ಮನೆಯಲ್ಲಿ ನೆಮ್ಮದಿಯಾಗಿ ಕುಳಿತ. ಆದ್ದರಿಂದ ಮಗಳಿಗೆ ಒಂದನ್ನೇ ಆರಿಸಿಕೋ ಎಂದು ದಯವಿಟ್ಟು ಹೇಳಬೇಡಿ. 2011ರ ಜನಗಣತಿಯ ಪ್ರಕಾರ ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ ಭಾಷೆಗಳೇ ಈ ದೇಶದಲ್ಲಿ 121. ಇಂಥ ದೇಶದಲ್ಲಿ ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದು ಯಾವ ಕೊರತೆಯೂ ಅಲ್ಲ.

ಇನ್ನು ಮೌಲ್ಯದ ಮಾತು. 1948ರಲ್ಲಿ ನಿಜಾಮರ ಪರ ನಿಂತಿದ್ದ ಸಶಸ್ತ್ರ ರಜಾಕಾರರ ಹಾವಳಿ ಹೆಚ್ಚಾದಾಗ ನಮ್ಮ ಭಾಗದ ಎಷ್ಟೋ ಕುಟುಂಬಗಳು ಗಡಿ ದಾಟಿದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ನಮ್ಮ ಅಜ್ಜಿಯೂ ಹತ್ತು ವರ್ಷದ ಅಪ್ಪನನ್ನು ಕರೆದುಕೊಂಡು ರಾತ್ರೋರಾತ್ರಿ ಹೊರಟಳು. ಮನೆಯ ಕೀಲಿಯನ್ನು ಅವಳು ಕೊಟ್ಟದ್ದು ಪಕ್ಕದ ಪಿಂಜಾರರ ಮನೆಯವರಿಗೆ, ಹತ್ತಿ ಹಿಂಜುವ ಕಸುಬಿನ ಮುಸ್ಲಿಮರಿಗೆ. ನಮ್ಮ ಎರಡು ಎಮ್ಮೆಗಳಿಗೆ ನೀರು, ಮೇವು ನೋಡಿಕೊಂಡವರು ಅವರೇ. ಭಾರತದ ಸೇನೆ ಹೈದರಾಬಾದನ್ನು ವಶಕ್ಕೆ ತೆಗೆದುಕೊಂಡ ‘ಪೊಲೀಸ್ ಕಾರ್ಯಾಚರಣೆ’ ಮುಗಿದು ನಮ್ಮವರು ಊರಿಗೆ ಮರಳಿದ ಮೇಲೆ ಗಾಳಿ ತಿರುಗಿತು. ಯಾವ ತಪ್ಪನ್ನೂ ಮಾಡದ ಮುಸ್ಲಿಂ ಕುಟುಂಬಗಳೂ ಆಗ ಬಹಳ ನೋವು ತಿಂದವು, ಇದನ್ನು ನಮ್ಮ ಕಡೆ ಜನ ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಆಗ ಆ ಪಿಂಜಾರರ ಮನೆಯ ಹೆಂಗಸರು, ಮಕ್ಕಳು ಹನ್ನೊಂದು ದಿನ ನಮ್ಮ ಪಡಸಾಲೆಯಲ್ಲಿ ಮಲಗಿದರು. ಅಜ್ಜ ಬಾಗಿಲಿಗೆ ಅಡ್ಡ ಹೊರಸು ಹಾಕಿಕೊಂಡು ಮಲಗುತ್ತಿದ್ದನಂತೆ.

ಈ ಕಥೆಯನ್ನು ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತಿದ್ದೆ. ಹೇಳಿ ಎದೆಯುಬ್ಬಿಸುತ್ತಿದ್ದೆ. ಇನ್ನೊಂದು ಕಥೆಯನ್ನು ಬಹಳ ವರ್ಷ ಹೇಳಿರಲಿಲ್ಲ.

ಅದೇ ಮನೆಯ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ಒಂದು ಜರ್ಮನ್ ಲೋಟ, ಎಂದರೆ ಅಲ್ಯುಮಿನಿಯಂನದು, ಅಂಚು ಎರಡು ಕಡೆ ಜಜ್ಜಿಹೋಗಿದ್ದದ್ದು. ವರ್ಷದ ಸಂಬಳಕ್ಕೆ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ, ದಲಿತರ ಓಣಿಯ ಹಿರಿಯರೊಬ್ಬರದು ಅದು. ಚಹಾ ಆದಾಗ ಅವರೇ ಲೋಟ ತೆಗೆದುಕೊಂಡು ಬಂದು ಮೆಟ್ಟಿಲ ಕೆಳಗೆ ಹಿಡಿಯಬೇಕು, ಅಜ್ಜಿ ಮೇಲಿನಿಂದ ಸುರಿಯಬೇಕು. ಕುಡಿದಾದ ಮೇಲೆ ಅವರೇ ತೊಳೆದು, ಬೋರಲು ಹಾಕಿ ಗೂಡಿನಲ್ಲಿಡಬೇಕು. ಅವರ ವಯಸ್ಸು ನನ್ನ ಅಪ್ಪನಿಗಿಂತ ಹೆಚ್ಚು. ನಾವು ಮಕ್ಕಳು ಅವರನ್ನು ಏಕವಚನದಲ್ಲೇ ಕೂಗುತ್ತಿದ್ದೆವು, ಯಾರೂ ತಿದ್ದಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಆಗಲೇ ಮೂವತ್ತು ವರ್ಷವಾಗಿತ್ತು. ಹನ್ನೊಂದು ದಿನ ನೆರೆಮನೆಯವರಿಗಾಗಿ ಜೀವ ಒಡ್ಡಿದ ಮನೆಯೂ ಅದೇ, ಆ ಲೋಟ ಇಟ್ಟ ಮನೆಯೂ ಅದೇ.

1980ರಲ್ಲಿ ಅವರ ಮಗನೂ ನಾನೂ ಒಟ್ಟಿಗೆ ಎಸ್ಸೆಸ್ಸೆಲ್ಸಿ ಪಾಸಾದೆವು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಫಲಿತಾಂಶದ ದಿನ ಅವನು ನಮ್ಮ ಮನೆಗೆ ಬಂದು ಅಂಗಳದಲ್ಲಿ ನಿಂತ. ಅವ್ವ ಚಹಾ ಮಾಡಿದಳು. ನಾಲ್ಕು ಸ್ಟೀಲ್ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಬಂದು, ಮೊದಲನೆಯದನ್ನು ಅವನ ಕೈಗೆ ಕೊಟ್ಟು, ‘ಒಳಗೆ ಬಂದು ಕುಳಿತು ಕುಡಿಯಪ್ಪ, ಬಿಸಿಲಿದೆ’ ಎಂದಳು. ಅಷ್ಟೇ. ಅಜ್ಜಿ ಅಂದು ಸಂಜೆಯವರೆಗೆ ಬಾಯಿ ಬಿಡಲಿಲ್ಲ, ಚಹಾ ಮುಟ್ಟಲಿಲ್ಲ. ಅವ್ವನೂ ಜಗಳಕ್ಕೆ ಹೋಗಲಿಲ್ಲ, ಲೋಟಗಳನ್ನು ಎಂದಿನಂತೆ ಒಟ್ಟಿಗೆ ತೊಳೆದಿಟ್ಟಳು. ವಾರದೊಳಗೆ ಗೂಡಿನಲ್ಲಿದ್ದ ಜರ್ಮನ್ ಲೋಟ ಕಾಣೆಯಾಗಿತ್ತು. ಯಾರು ತೆಗೆದರೋ ನನಗೆ ಇಂದಿಗೂ ಗೊತ್ತಿಲ್ಲ. ಅಜ್ಜಿ ಸಾಯುವವರೆಗೂ ಪೂರ್ತಿ ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು.

ಸಂವಿಧಾನದ ಪ್ರಸ್ತಾವನೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವಾಗ ‘ಭ್ರಾತೃತ್ವ’ ಎಂಬ ಪದ ಬಂದರೆ ನನಗೆ ಆ ತಟ್ಟೆ ಕಣ್ಣಿಗೆ ಕಟ್ಟುತ್ತಿತ್ತು. ಸ್ವಾತಂತ್ರ್ಯ, ಸಮಾನತೆಗಳನ್ನು ಕಾನೂನು ಕೊಡಬಹುದು. ಭ್ರಾತೃತ್ವ ಮಾತ್ರ ಸಂಸಾರದಿಂದ ಎತ್ತಿಕೊಂಡ ಪದ. ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಇದನ್ನೇ ಒತ್ತಿ ಹೇಳಿದರು: ಭ್ರಾತೃತ್ವ ಇಲ್ಲದಿದ್ದರೆ ಉಳಿದೆರಡನ್ನು ಜಾರಿ ಮಾಡಲು ಪೊಲೀಸ್ ಪೇದೆಯೇ ಬೇಕಾಗುತ್ತದೆ, ಸಾವಿರಾರು ಜಾತಿಗಳಾಗಿ ಒಡೆದ ಜನ ತಾವು ಒಂದು ರಾಷ್ಟ್ರ ಎಂದುಕೊಳ್ಳುವುದು ಭ್ರಮೆ, ಇನ್ನೂ ಆಗಿಲ್ಲ ಎಂದು ಬೇಗ ಅರಿತಷ್ಟೂ ಒಳ್ಳೆಯದು. ಈ ಮಾತಿನಲ್ಲಿ ದೇಶದ ಮೇಲಿನ ಪ್ರೀತಿ ಎಷ್ಟಿದೆ ಎಂದು ತಿಳಿಯಲು ನನಗೆ ನಲವತ್ತು ವರ್ಷ ದಾಟಬೇಕಾಯಿತು.

ಹಾಗಾದರೆ ಎಲ್ಲರಿಗೂ ಸೇರಿದ್ದು ಎಂಬುದನ್ನು ಕಣ್ಣಾರೆ ಕಂಡದ್ದುಂಟೇ? ಉಂಟು. 2019ರ ಏಪ್ರಿಲ್ 23, ಲೋಕಸಭೆ ಚುನಾವಣೆ. ನಾನು ಒಂದು ಹಳ್ಳಿಯ ಮತಗಟ್ಟೆಯಲ್ಲಿ ಅಧ್ಯಕ್ಷಾಧಿಕಾರಿ. ಹಿಂದಿನ ದಿನ ಚುನಾವಣಾ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದಿಂದ ಯಂತ್ರ, ಪಟ್ಟಿ, ಅರಗು, ಶಾಯಿ ಎಲ್ಲ ಹೊತ್ತು ತಂದು ಶಾಲೆಯ ಕೋಣೆಯಲ್ಲೇ ಮಲಗಿದ್ದೆವು. ಮಧ್ಯಾಹ್ನ ಮೂರರ ಸುಮಾರಿಗೆ ಸುಮಾರು ಎಪ್ಪತ್ತರ ಹೆಂಗಸೊಬ್ಬರು ಬಂದರು. ಗುಳೆ ಹೋದವರು, ಗೋವಾದಲ್ಲಿ ಮಗನ ಜೊತೆ ಕಟ್ಟಡದ ಕೆಲಸದ ಜಾಗದಲ್ಲಿ ಇರುವವರು, ರಾತ್ರಿ ಬಸ್ಸಿಗೆ ಹೊರಟು ಬಂದಿದ್ದರು. ಮೊದಲನೇ ಮತಗಟ್ಟೆ ಅಧಿಕಾರಿ ನಿಯಮದಂತೆ ಅಭ್ಯರ್ಥಿಗಳ ಏಜೆಂಟರಿಗೆ ಕೇಳುವ ಹಾಗೆ ಕ್ರಮಸಂಖ್ಯೆ, ಹೆಸರು ಓದಿದರು. ಆಕೆ ಎಡಗೈ ಚಾಚಿದರು. ತೋರುಬೆರಳು ಬುಡದಿಂದಲೇ ಇರಲಿಲ್ಲ, ಹಿಟ್ಟಿನ ಗಿರಣಿಯಲ್ಲಿ ಹೋಯಿತೆಂದರು. ಶಾಯಿ ಹಚ್ಚುವ ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ. ತೋರುಬೆರಳಿಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ ಹಚ್ಚಬೇಕು ಎಂದು ನಿಯಮದಲ್ಲೇ ಇದೆ. ನಡುಬೆರಳಿನ ಉಗುರಿನಿಂದ ಕೆಳಗೆ ಗೆರೆ ಎಳೆಸಿದೆ. ಮತ ಹಾಕಿ ಬಂದವರು ಬಾಗಿಲಲ್ಲಿ ನಿಂತರು. ಶಾಯಿ ಸೆರಗಿಗೆ ತಾಗದಂತೆ ಆ ಬೆರಳನ್ನು ಮೇಲೆತ್ತಿಕೊಂಡಿದ್ದರು. ‘ನನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿದಿರಲ್ಲ, ಅಷ್ಟು ಉದ್ದ ಹೆಸರು ಹಿಡಿದು ನನ್ನನ್ನು ಯಾರೂ ಕರೆಯುವುದಿಲ್ಲ’ ಎಂದರು. ಆಕೆಯ ಹಿಂದೆ ಸಾಲಿನಲ್ಲಿ ನಿಂತಿದ್ದವರು ಊರಿನ ದೊಡ್ಡ ಜಮೀನುದಾರರ ಮನೆಯ ಸೊಸೆ.

ಆ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕಟ್ಟಿಸಿದ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮದಲ್ಲಿ ನಿಂತುಬಿಡುತ್ತದೆ, ಉಜ್ಜಿದರೆ ಹೋಗುವುದಿಲ್ಲ. ನಿಮ್ಮ ಅತ್ತೆಯವರ ಬೆರಳಿಗೂ ಒಡಿಶಾದಲ್ಲಿ ಅದೇ ಶಾಯಿ ಹಚ್ಚಿದ್ದಾರೆ. ಮುಂದಿನ ಚುನಾವಣೆಗೆ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮ ಬೆರಳಿನ ಶಾಯಿ ಒಣಗುವುದನ್ನು ಅವಳು ನೋಡಲಿ.

ಕುಟುಂಬ ಎಂದರೆ ಹೊಂದಾಣಿಕೆ, ತ್ಯಾಗ ಎಂದು ನಾವು ಬಹಳ ಹೇಳುತ್ತೇವೆ. ಯಾರ ತ್ಯಾಗ ಎಂದು ಕೇಳುವುದಿಲ್ಲ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ನನ್ನ ತಂಗಿಯ ಮದುವೆಯಾದದ್ದು ಇಲ್ಲಿ ಆ ಕಾನೂನು ಬಂದ ಮೇಲೆ, 1998ರಲ್ಲಿ, ಎಂದರೆ ಅವಳಿಗೆ ಪಾಲಿತ್ತು. 2004ರಲ್ಲಿ ನಮ್ಮ ಮನೆಯ ವಾಟ್ನಿ, ಎಂದರೆ ಆಸ್ತಿ ಪಾಲು, ಆದಾಗ ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ‘ಅಣ್ಣಂದಿರ ಜೊತೆ ಮನಸ್ತಾಪ ಬೇಡ’ ಎಂದಳು. ಸಮಾನತೆಯ ಪಾಠ ಮಾಡುವ ನಾನು ಪಕ್ಕದಲ್ಲೇ ಕುಳಿತು ಸುಮ್ಮನಿದ್ದೆ. ನಿವೃತ್ತನಾದ ಮೇಲೆ ನನ್ನ ಪಾಲಿನಿಂದ ಎರಡು ಎಕರೆ ಅವಳ ಹೆಸರಿಗೆ ಮಾಡಿಸಿದೆ. ಅವಳು ಅತ್ತಳು, ನನಗೆ ಸಮಾಧಾನವಾಗಲಿಲ್ಲ, ಇಪ್ಪತ್ತು ವರ್ಷದ ಬೆಳೆ ಹೋಗಿತ್ತಲ್ಲ. ನಿಮ್ಮ ಮಗಳಿಗೆ ಸಂಸ್ಕಾರ ಎಂದು ಏನನ್ನಾದರೂ ಕಲಿಸುವಾಗ ಅದನ್ನು ನಿಮ್ಮ ಮನೆಯ ಗಂಡುಮಕ್ಕಳಿಗೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತೀರಾ ಎಂದು ಒಮ್ಮೆ ನೋಡಿಕೊಳ್ಳಿ.

ರಜೆಯಲ್ಲಿ ಅವಳನ್ನು ಎರಡೂ ಅಜ್ಜಿಯರ ಹತ್ತಿರ ಬಿಡಿ. ಊರಿನ ಹಬ್ಬ, ತಿಂಡಿ ತಾನಾಗಿ ಬರುತ್ತವೆ. ಅವಳು ಇನ್ನೊಂದನ್ನೂ ಕೇಳಲಿ: ‘ಅಜ್ಜಿ, ನಿಮ್ಮ ಕಾಲದಲ್ಲಿ ನಮ್ಮ ಮನೆಯೊಳಗೆ ಯಾರು ಬರುವಂತಿರಲಿಲ್ಲ?’ ಉತ್ತರ ಕೇಳಿ ನಿಮಗೆ ಮುಜುಗರವಾಗಬಹುದು, ಆದರೂ ಕೇಳಲಿ. ಒಡಿಯಾದಲ್ಲಿ ಕೇಳಿಸಿಕೊಂಡದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲಿ.

ಇನ್ನು ವಾಟ್ಸಾಪ್ ಗುಂಪು. ಹೊರಬರಬೇಡಿ, ಆದರೆ ಅಲ್ಲಿ ವಾದಕ್ಕೂ ನಿಲ್ಲಬೇಡಿ. ನಮ್ಮ ಗುಂಪಿನಲ್ಲಿ ನಲವತ್ತಮೂರು ಜನ. ಎರಡು ವರ್ಷದ ಹಿಂದೆ ನಾನು ಒಂದು ಸಂದೇಶವನ್ನು ಸುಳ್ಳು ಎಂದು ಎಲ್ಲರ ಎದುರು ಬರೆದೆ. ಅದನ್ನು ಹಾಕಿದ್ದವನು ನನ್ನ ಕಾಕಾನ ಮಗ, ಅಪ್ಪ ಆಡಿಸಿ ಬೆಳೆಸಿದ ಹುಡುಗ. ಅವನು ಗುಂಪು ಬಿಟ್ಟ, ನನ್ನ ಜೊತೆ ಮಾತು ಬಿಟ್ಟ. ಸಂದೇಶ ಸುಳ್ಳೇ ಆಗಿತ್ತು, ಆದರೆ ನಲವತ್ತಮೂರು ಜನರ ಮುಂದೆ ಹೇಳಬೇಕಿರಲಿಲ್ಲ. ಆರು ತಿಂಗಳು ಬಿಟ್ಟು ಅವನ ಮನೆಗೇ ಹೋದೆ. ಒಟ್ಟಿಗೆ ಊಟ ಮಾಡಿದೆವು, ಆಮೇಲೆ ಒಂದು ಗಂಟೆ ಅದೇ ವಿಷಯ ಮಾತಾಡಿದೆವು. ಅವನು ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಈಗ ಅಂಥದ್ದೇನಾದರೂ ಬಂದರೆ ಗುಂಪಿಗೆ ಹಾಕುವ ಮೊದಲು ನನಗೆ ಕಳಿಸಿ, ‘ಅಣ್ಣ, ಇದು ಖರೆಯೇ?’ ಎಂದು ಕೇಳುತ್ತಾನೆ. ಈ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಎಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಬರುತ್ತೇನೆ ಎಂದಿದ್ದಾನೆ. ಉಳಿದ ಮಾತು ಅಲ್ಲಿ ಮುಂದುವರಿಯುತ್ತದೆ.