ಕಾಂಗರೂ ಎಂದರೆ ‘ಗೊತ್ತಿಲ್ಲ’ ಎಂದರ್ಥವೇ?

ಕಾಂಗರೂ ಎಂದರೆ ‘ನನಗೆ ಗೊತ್ತಿಲ್ಲ’ ಎಂದರ್ಥವೇ, ಅಲ್ಲವಾದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಯಲ್ಲಿ ಆ ಪ್ರಾಣಿಗೆ ನಿಜವಾಗಿ ಏನೆನ್ನುತ್ತಾರೆ ಎಂದು ಕೇಳಿದ್ದೀರಿ. ಪ್ರಾಣಿಯ ಹೆಸರು ಕೇಳಿದ ಬಿಳಿಯರಿಗೆ ಮೂಲನಿವಾಸಿಗಳು ‘ಗೊತ್ತಿಲ್ಲ’ ಎಂದರು, ಅದನ್ನೇ ಇವರು ಹೆಸರೆಂದುಕೊಂಡರು ಎಂಬ ಕತೆ ಶುದ್ಧ ಕಟ್ಟುಕತೆ. ಎರಡನೆಯ ಪ್ರಶ್ನೆಯಲ್ಲಿ ‘ಭಾಷೆ’ ಎಂಬ ಏಕವಚನವೇ ತೊಡಕಿನದು, ಏಕೆಂದರೆ 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು.

1770ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು ತೂತುಬಿದ್ದು, ದುರಸ್ತಿಗಾಗಿ ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಈಗಿನ ಕುಕ್‌ಟೌನ್ ಬಳಿ ಸುಮಾರು ಏಳು ವಾರ ತಂಗಬೇಕಾಯಿತು. ಅಲ್ಲಿನ ಗೂಗು ಯಿಮಿಧಿರ್ ಭಾಷಿಕರಿಂದ ಕುಕ್ ಮತ್ತು ಅವನ ಜೊತೆಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ‘ಕಾಂಗರೂ’ ಎಂಬ ಈ ಹೆಸರನ್ನು ಬರೆದುಕೊಂಡರು. ಐವತ್ತು ವರ್ಷಗಳ ಬಳಿಕ ಅಲ್ಲಿಗೇ ಹೋದ ನೌಕಾಧಿಕಾರಿ ಫಿಲಿಪ್ ಪಾರ್ಕರ್ ಕಿಂಗ್‌ಗೆ ಬೇರೊಂದು ಪದ ಕಿವಿಗೆ ಬಿದ್ದದ್ದರಿಂದ ಕುಕ್ ತಪ್ಪಾಗಿ ಕೇಳಿಸಿಕೊಂಡನೆಂಬ ಅನುಮಾನ ಬೆಳೆಯಿತು. ಕಿಂಗ್‌ಗೆ ಸಿಕ್ಕಿದ್ದು ಪ್ರಾಯಶಃ ‘ಮಿನ್ಹ’, ಎಂದರೆ ತಿನ್ನಲು ಯೋಗ್ಯವಾದ ಯಾವುದೇ ಪ್ರಾಣಿ. 1970ರ ದಶಕದಲ್ಲಿ ಭಾಷಾಶಾಸ್ತ್ರಜ್ಞ ಜಾನ್ ಹ್ಯಾವಿಲೆಂಡ್ ಆ ಭಾಷಿಕರ ನಡುವೆ ಕೆಲಸ ಮಾಡಿ, ಕುಕ್ ಕೇಳಿಸಿಕೊಂಡದ್ದು ಸರಿಯೆಂದು ಖಚಿತಪಡಿಸಿದರು. ಅದು ಕಾಂಗರೂಗಳ ಪೈಕಿ ಒಂದು ದೊಡ್ಡ ಜಾತಿಯ ಹೆಸರು ಮಾತ್ರ; ಕಾಂಗರೂವಿನ ಚಿಕ್ಕ ಸಂಬಂಧಿಯಾದ ಸಣ್ಣ ವಾಲಬಿಗೆ ಅವರಲ್ಲಿ ‘ಗದಾರ್’ ಎಂಬ ಬೇರೆಯೇ ಪದವಿದೆ.

ನಾನು ಆ ಪದವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ಒಂದು ಸಂತೋಷ ಕಾದಿತ್ತು. ಅದರ ಮೂಲ ಉಚ್ಚಾರಣೆ ‘ಗಙುರ್ರು’. ಶಾಲೆಯಲ್ಲಿ ‘ಕ ಖ ಗ ಘ ಙ’ ಎಂದು ಬಾಯಿಪಾಠ ಮಾಡಿ ಆಮೇಲೆ ಬಿಡಿಯಾಗಿ ಎಂದೂ ಬರೆಯದ ಆ ಙಕಾರ ಇಲ್ಲಿ ಸರಿಯಾಗಿ ಹೊಂದುತ್ತದೆ. ಮರುಭೂಮಿಯ ವಾರ್ಲ್‌ಪಿರಿ ಭಾಷೆಯಲ್ಲಿ ಕೆಂಪು ಕಾಂಗರೂ ‘ಮಳು’, ಅಲ್ಲಿಯದು ನಮ್ಮ ಳಕಾರವೇ. (ಇಷ್ಟನ್ನೇ ಹಿಡಿದು ದ್ರಾವಿಡ ನಂಟು ಕಟ್ಟಬಾರದು, ಹಾಗೆ ಊಹಿಸಿದವರಿದ್ದರೂ ಅದಕ್ಕೆ ಆಧಾರ ಸಿಕ್ಕಿಲ್ಲ.) ನೈಋತ್ಯದ ನ್ಯೂಂಗರ್ ಭಾಷೆಯಲ್ಲಿ ಬೂದು ಕಾಂಗರೂವಿಗೆ ‘ಯೊಂಗ’, ಪೂರ್ವದ ಗಮಿಲರಾಯ್ ಭಾಷೆಯಲ್ಲಿ ‘ಬಂದಾರ್’. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಪಂಜರದಲ್ಲಿಟ್ಟು ಮಾರುವ ಪುಟ್ಟ ಹಸಿರು ಗಿಳಿಯ ಬಡ್ಜರಿಗಾರ್ ಎಂಬ ಹೆಸರೂ ಗಮಿಲರಾಯ್‌ನ ‘ಗಿಜಿರ್ರಿಗಾ’ದಿಂದಲೇ ಬಂದದ್ದು.

ಭಾಷೆಗಳು ಎಷ್ಟು ಬೇರೆಬೇರೆ ಎಂಬುದು ಸಿಡ್ನಿಯಲ್ಲಿ ಇಳಿದವರಿಗೆ ಬೇಗ ಅರಿವಾಯಿತು. ಕುಕ್‌ನ ಪಟ್ಟಿಯಿಂದ ಕಲಿತ ‘ಕಾಂಗರೂ’ವನ್ನು ಅವರು ಅಲ್ಲಿನ ಜನರ ಮುಂದೆ ಆಡಿದರು. ಸಾವಿರಾರು ಕಿಲೋಮೀಟರ್ ದೂರದ ಆ ಪದ, ಆ ಪ್ರಾಣಿಗೆ ‘ಪಟಗರಂಗ್’ ಎನ್ನುತ್ತಿದ್ದ ಸ್ಥಳೀಯರಿಗೆ ಅಪರಿಚಿತ; ಬಿಳಿಯರ ಮಾತಿನಲ್ಲಿ ಪ್ರಾಣಿಗೆ ಹೀಗೆನ್ನುತ್ತಾರೆಂದು ತಿಳಿದು, ಹಡಗಿನಲ್ಲಿ ಬಂದ ದನಗಳನ್ನು ಕಂಡು ಇವೂ ಕಾಂಗರೂಗಳೇ ಎಂದು ವಿಚಾರಿಸಿದರಂತೆ. ಅಡಿಲೇಡ್‌ನ ಗೌರ್ನ ಜನರು ಮಾಡಿದ್ದು ಇದಕ್ಕೆ ತಿರುವುಮುರುವು: ಮೊದಲ ಬಾರಿಗೆ ಕುದುರೆ ಕಂಡಾಗ ತಮ್ಮ ಬೂದು ಕಾಂಗರೂವಿನ ‘ನಂತು’ ಎಂಬ ಹೆಸರನ್ನೇ ಅದಕ್ಕಿಟ್ಟು, ‘ಪಿಂಡಿ ನಂತು’, ಅಂದರೆ ಬಿಳಿಯರ ಕಾಂಗರೂ, ಎಂದರು. ಆ ಪದ ಕುದುರೆಗಳ ಜೊತೆಗೇ ಉತ್ತರಕ್ಕೆ ಸಾಗಿತು. ಇಂದಿಗೂ ವಾರ್ಲ್‌ಪಿರಿಯಲ್ಲಿ ಕುದುರೆಗೆ ‘ನಂತುವು’ ಎನ್ನುತ್ತಾರೆ.