ಉ: ಈ ಬೀರು ನಿಜವಾಗಿ ಅಮೆರಿಕದ ಲೂಯಿಸಿಯಾನಾದ್ದೇ, ಫ್ರಾನ್ಸಿನದ್ದಾ?

ಹಳೇ ಮನೆಯ ಸಾಮಾನು ಮಾರಾಟದಲ್ಲಿ ನೋಡಿದ ಬೀರು '1810ರ ಕ್ರಿಯೋಲ್ ಆರ್ಮ್ವಾರ್' (ಅಂದರೆ ಲೂಯಿಸಿಯಾನಾದಲ್ಲೇ ಮಾಡಿದ, ಫ್ರೆಂಚ್ ಮಾದರಿಯ ಬಟ್ಟೆ ಬೀರು) ಅಂತ ಹೇಳ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಮುಂಭಾಗ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಮಹಾಗನಿ, ಚೆರ್ರಿ, ವಾಲ್ನಟ್ ಯಾವುದೂ ಇರಬಹುದು. ಬಾಗಿದ ಕಾಲುಗಳು ಫ್ರೆಂಚ್ ಬೀರುಗಳಲ್ಲೂ ಇರುತ್ತವೆ.

ಟಾರ್ಚ್ ಹಿಡಿದು ಹಿಂದಕ್ಕೆ ಹೋಗಿ. ಹಿಂಬದಿಯ ಹಲಗೆ, ಒಳಗಿನ ಅಡ್ಡಹಲಗೆಗಳು ಸೈಪ್ರೆಸ್ ಮರದ್ದಾಗಿದ್ದರೆ ಒಳ್ಳೆ ಸೂಚನೆ. ಅದು ಲೂಯಿಸಿಯಾನಾದ ಜೌಗುಗಳಲ್ಲಿ ಬೆಳೆಯುವ ಮರ, ಸುಲಭಕ್ಕೆ ಕೊಳೆಯುವುದಿಲ್ಲ. ಓಕ್ ಕಂಡರೆ ಫ್ರಾನ್ಸಿನ ಅನುಮಾನ ಜಾಸ್ತಿ. ಹಲಗೆಯ ಮೇಲೆ ಅಡ್ಡಡ್ಡ ಕೈಯಾಡಿಸಿ. ಕೈಯಿಂದ ಕೀಸುಳಿ ಹೊಡೆದ ಹಲಗೆ ಬೆರಳಿಗೆ ಸಣ್ಣ ಅಲೆಯಂತೆ ಸಿಗುತ್ತದೆ. ಕಮಾನಿನಂಥ ಗರಗಸದ ಗೆರೆಗಳಿದ್ದರೆ ಅದು ವೃತ್ತಾಕಾರದ ಯಂತ್ರಗರಗಸದ ಕೆಲಸ. ಅದು ಸಾಮಾನ್ಯವಾಗಿ ಬಳಕೆಗೆ ಬಂದದ್ದು ಆಮೇಲೆ, ಹಾಗಾಗಿ 1810 ಅನ್ನೋ ಮಾತು ಸುಮ್ನೆ ಒಪ್ಪಬೇಡಿ. ಬಾಗಿಲಿನ ಕೀಲನ್ನೂ ನೋಡಿ. ಉದ್ದ ಕೊಳವೆಯಂಥ 'ಫೀಶ್' ಕೀಲಾದರೆ ಬಾಗಿಲನ್ನು ಮೇಲಕ್ಕೆತ್ತಿ ಬಿಡಿಸಬಹುದು. ಆದರೆ ಅದು ಫ್ರಾನ್ಸಿನಲ್ಲೂ ಇತ್ತು, ಅದೊಂದನ್ನೇ ನಂಬಬೇಡಿ.

ಇನ್ನು ಮಾಡಿದವರ ವಿಷಯ. 1809ರಲ್ಲಿ ಕ್ಯೂಬಾದಿಂದ ಸುಮಾರು 9,000 ಸೇಂಟ್-ಡೊಮಿಂಗ್ (ಇಂದಿನ ಹೈಟಿ) ನಿರಾಶ್ರಿತರು ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಊರಿನ ಬಡಗಿಗಳಲ್ಲಿ ಗುಲಾಮರಲ್ಲದ, ಸ್ವತಂತ್ರ ಕಪ್ಪು ಜನರೂ ಇದ್ದರು. ಡ್ಯುಟ್ರೇಯ್ ಬಾರ್ಜೋನ್ ಅಂಥ ಒಬ್ಬ ಹೆಸರಾಂತ ಕುಶಲಕರ್ಮಿ. ಆದರೆ ಎಷ್ಟೋ ಬೀರುಗಳ ಮೇಲೆ ಮಾಡಿದವರ ಗುರುತೇ ಇಲ್ಲ. ಹಾಗಾಗಿ ಯಾರಾದರೂ ದೊಡ್ಡ ಹೆಸರು ಹೇಳಿ ಬೆಲೆ ಏರಿಸಿದರೆ ಪುರಾವೆ ಕೇಳಿ.

ಅಂದಹಾಗೆ, ನಮ್ಮ ಅಲ್ಮೇರಾ ಪೋರ್ಚುಗೀಸರಿಂದ ಬಂದ ಪದ. ಅದೂ ಆರ್ಮ್ವಾರೂ ಒಂದೇ ಲ್ಯಾಟಿನ್ ಬೇರಿನವು! ಹಿಂಬದಿಯ ಫೋಟೋ ಹಾಕಿ, ನೋಡೋಣ.